ನೂಲು ಒಣಹಾಕೂ ಹಗ್ಗ

ಹೊಸಾ ಕೆಂಪು ಸೀರಿ ಮೊದಲನೇ ಸಲ ನೀರಿಗೆ ಬಿದ್ದಾಗ ಒಂದು ವಾಸನಿ ಬರ್ತೈತಿ. ನಿಮಗ ಗೊತ್ತೈತೋ ಇಲ್ಲೋ. ಹಸಿ ನೂಲು, ಗಂಜಿ, ಮ್ಯಾಲ ಒಂದೀಟು ಬಣ್ಣದ ಘಾಟು, ಎಲ್ಲಾ ಕೂಡಿ ಮೂಗಿಗೆ ಬಡೀತೈತಿ. ಇವತ್ತು ಮುಂಜಾನಿ ನಮ್ಮ ಸೊಸಿ ಸುಜಾತ ಅಂಥಾದೊಂದು ಸೀರಿ ಹಿಂಡಿ ಅಂಗಳದ ತಂತಿ ಮ್ಯಾಲ ಹಾಕಿ ಒಳಗ ಹೋದ್ಲು. ಸೆರಗಿನಿಂದ ತೊಟ್ ತೊಟ್ ಅಂತ ಕೆಂಪು ನೀರು ಬೀಳಾಕ ಹತ್ತಿತ್ತು. ನಾ ಅಲ್ಲೇ ಕುರ್ಚಿ ಮ್ಯಾಲ ಕುಂತಿದ್ದೆ. ಕುಂತಿದ್ದೆ ಅನ್ನೂದಕ್ಕಿಂತ ನನ್ನ ಕುಂದ್ರಿಸಿದ್ರು ಅಂದ್ರ ಖರೆ ಆಗ್ತೈತಿ. ಬಚ್ಚಲದಾಗ ಗೌಂಡಿ ಕೆಲಸ ನಡದೈತಿ, ಕಾಲಾಗ ಕಲ್ಲು ಸಿಗ್ತಾವು, ನೀವು ಹೊರಗ ಕುಂದ್ರಿ ಅತ್ತೀ ಅಂತ ಸೊಸಿದು ಹುಕುಂ.

ಏನ್ ಹೇಳ್ಲಿ, ದಣಿದೀನಿ. ಮೊಣಕಾಲಿನ ದಣಿವು ಬ್ಯಾರೆ, ಅದಕ್ಕ ಎಣ್ಣಿ ಐತಿ. ಮಂದಿ ಕಾಳಜಿ ಕೇಳಿ ಕೇಳಿ ಆಗೂ ದಣಿವು ಬ್ಯಾರೆ, ಅದಕ್ಕ ಯಾವ ಎಣ್ಣಿನೂ ಇಲ್ಲ. ಅತ್ತೀ ನಿಧಾನ, ಅತ್ತೀ ಹುಷಾರ್, ಅತ್ತೀ ನೀರೈತಿ, ಅತ್ತೀ ಕುಂದ್ರಿ. ಮಗ ಬಚ್ಚಲದ ಗ್ವಾಡಿಗೆ ಹಾಕಾಕ ಸ್ಟೀಲಿನ ಕಂಬಿ ತಂದಾನ. ಜಾರೂ ಕಲ್ಲು ಕಿತ್ತು ಒರಟು ಕಲ್ಲು ಹಾಕಸಾಕ ಹತ್ಯಾನ. ನನ್ನ ಮಂಚದ ಕಾಲಿಗೆ ಇಟ್ಟಂಗಿ ಕೊಟ್ಟು ಎತ್ತರ ಮಾಡ್ಯಾನ. ಎಲ್ಲಾ ನನ್ನ ಸಲುವಾಗಿ. ನಾ ಏನಂದೆ? "ಮಾಡಸು, ಮಾಡಸು, ಮನಿಗೆ ಬಂದೋರಿಗೆ ಅನುಕೂಲ ಆಗ್ತೈತಿ" ಅಂದೆ. ಹಲ್ಲು ಉದುರಿದ್ವು, ಕೂದಲ ಬೆಳ್ಳಗಾದ್ವು, ಬಿಂಕ ಒಂದು ಹಂಗೇ ಉಳದೈತಿ ನೋಡ್ರಿ.

ಆ ವಾಸನಿ ಮಗ ಮಕ್ತಲದಾಗ ಮಾಡಿದ ಈ ಮನಿ ಅಂಗಳದಿಂದ ನನ್ನ ಎಬ್ಬಿಸಿ ನಾರಾಯಣಪೇಟಿಗೆ ಒಯ್ತು. ನಿಜಾಮರ ಆಳಿಕಿ ಇದ್ದ ಕಾಲ, ನಾ ಲಗ್ನಾಗಿ ಬಂದ ಹೊಸತು. ನಮ್ಮದು ಸೀರಿ ನೇಯೋರ ಮನಿ. ಮನಿ ಅಂದ ಕೂಡ್ಲೇ ನೀವು ಆರಾಮಾಗಿ ಕಾಲು ಚಾಚಿ ಕುಂದ್ರೂ ಜಾಗ ಅನಕೋಬ್ಯಾಡ್ರಿ. ಪಡಸಾಲಿ ತುಂಬ ಮಗ್ಗ. ಅದೂ ಕುಣಿ ಮಗ್ಗ. ನೆಲದಾಗ ತಗ್ಗು ತೋಡಿರ್ತಾರ, ನೇಯೋರು ಅದರ ದಂಡಿಗೆ ಕುಂತು ಕಾಲು ಒಳಗ ಇಳಿಬಿಟ್ಟು ತುಳೀತಾರ. ಅಂಥಾ ಎರಡು ಕುಣಿ ನಮ್ಮ ಪಡಸಾಲ್ಯಾಗ ಬಾಯಿ ತಕ್ಕೊಂಡು ಕುಂತಿದ್ವು. ಒಂದರಾಗ ನಮ್ಮ ಮನಿಯವ್ರು ನೇಯ್ತಿದ್ರು. ಇನ್ನೊಂದು ನಮ್ಮ ಮಾವನೋರದು, ಅವ್ರು ತೀರಿಕೊಂಡ ಮ್ಯಾಲ ಖಾಲಿ. ಅದನ್ನ ದಾಟಿದ್ರ ಎತ್ತರದ ಹೊಸ್ತಿಲ. ಹೊಸ್ತಿಲ ದಾಟಿದ್ರ ಫರ್ಸಿ ಕಲ್ಲಿನ ನೆಲ, ಒಂದು ತಂಬಗಿ ನೀರು ಚೆಲ್ಲಿದ್ರ ಸಾಕು, ಬೆಣ್ಣಿ ಸವರಿದ್ಹಂಗ ಆಗ್ತಿತ್ತು. ಹರೇದ ಹುಡುಗಿ ನಾನೇ ಬಂದ ಹೊಸತಾಗಿ ಆ ಮನ್ಯಾಗ ಎಡವದ ಜಾಗ ಉಳದಿರ್ಲಿಲ್ಲ.

ಆ ಮನಿಗೆ ಯಜಮಾನಿ ನಮ್ಮತ್ತಿ ಸಂಗವ್ವ. ಈಗ ನಾನೂ ಮುದುಕಿ ಆಗೀನಿ ಅಂತ ಧೈರ್ಯದಿಂದ "ಅಕಿ" ಅಂತೀನಿ. ಆಗ ಅಂದಿದ್ರ ನನ್ನ ಹಲ್ಲು ಆವಾಗ್ಲೇ ಉದುರ್ತಿದ್ವು. ಸಣ್ಣ ಆಳು, ದೊಡ್ಡ ದನಿ. ಕೊರಳಾಗ ಲಿಂಗ, ಸೊಂಟಕ್ಕ ಉಗ್ರಾಣದ ಕೀಲಿ. ಅಕಿ ಕೈಯಾಗ ಒಂದು ಕೆಲಸ ಇತ್ತು, ಅದನ್ನ ಬ್ಯಾರೆ ಯಾರಿಗೂ ಮುಟ್ಟಗೊಡ್ತಿರಲಿಲ್ಲ. ಒಂದು ಹಾಸು, ಅಂದ್ರ ಮಗ್ಗದ ಉದ್ದಕ್ಕ ಬಿಗದ ನೂಲು, ನೇಯ್ದು ಮುಗೀತು ಅಂದ್ರ, ಹಳೇ ಎಳಿ ತುದಿಗೆ ಹೊಸಾ ಹಾಸಿನ ಎಳಿ ಒಂದೊಂದಾಗಿ ಸೇರಿಸಿ ಹೊಸೀಬೇಕು. ಕೆಚ್ಚೂದು ಅಂತಾರ ಅದಕ್ಕ. ಬೆರಳಿಗೆ ಬೂದಿ ಹಚ್ಚಿಕೊಂಡು, ಹೆಬ್ಬೆರಳು ತೋರಬೆರಳಿನ ನಡುವ ಎಳಿ ಇಟ್ಟು ಚಿಟಕ್ ಅಂತ ತಿರುವಿದ್ರ ಮುಗೀತು. ಹೇಳಾಕ ಎಷ್ಟು ಸರಳ! ಒಂದು ಸೀರಿ ಅಗಲಕ್ಕ ಎಷ್ಟು ಸಾವಿರ ಎಳಿ ಇರ್ತಾವು ಅಂತ ದೇವರಿಗೇ ಗೊತ್ತು. ಅಕಿ ಕುಣ್ಯಾಗ ಕಾಲು ಬಿಟ್ಟು ಕುಂತ್ಲು ಅಂದ್ರ ಹೊತ್ತು ಹೋಗಿದ್ದು ಗೊತ್ತಾಗ್ತಿರಲಿಲ್ಲ. ಆಗ ಮಾತ್ರ ಯಾರಿಗೂ ಬೈತಿರಲಿಲ್ಲ, ಹಂಗಾಗಿ ಕೆಚ್ಚೂ ದಿನ ಅಂದ್ರ ನನಗ ಹಬ್ಬ.

ಉಳಿದ ದಿನ ಬೈಗುಳ. ಅದರಾಗೂ ಧೂಳಿನ ಬೈಗುಳ. ಮುಂಜಾನಿ ಎದ್ದು ಗ್ವಾಡಿಗುಂಟ ಬೆರಳು ಎಳಕೋತ ಬರಾಕಿ, ಬೆರಳು ಮಕದ ಮುಂದ ಹಿಡಿದು "ಈ ಮನ್ಯಾಗ ಧೂಳ ಝಾಡ್ಸೋರು ಸತ್ತಾರೇನು?" ಅನ್ನಾಕಿ. ನಾ ಬಟ್ಟಿ ತಗೊಂಡು ಗ್ವಾಡಿ ಒರಸೀನೇ ಒರಸೀನಿ. ಮಣ್ಣಿನ ಗ್ವಾಡಿ, ಸುಣ್ಣ ಬಳದಿದ್ದು, ಒರಸಿದಷ್ಟೂ ಉದುರ್ತಿತ್ತು. ಯಾವ ಊರಾಗರೆ ಸೊಸ್ತೇರು ಗ್ವಾಡಿ ಒರಸೂದು ಕೇಳೀರೇನ್ರಿ? ನನ್ನ ತವರುಮನಿಯೋರು ಕೇಳಿ ನಕ್ಕಿದ್ರು.

ಒಂದಿನ ಗೊತ್ತಾತು. ನಾ ಪಡಸಾಲ್ಯಾಗ ಸುಮ್ನ ಕುಂತು ಅಕ್ಕಿ ಆರಸ್ತಿದ್ದೆ. ಅತ್ತಿ ಗ್ವಾಡಿ ಹಿಡಕೊಂಡು ಬಂದು, ನನ್ನ ಮುಂದನ ನಿಂತು, ಹಿತ್ತಲ ಕಡೆ ಮಕಾ ಮಾಡಿ ನನ್ನ ಹೆಸರು ಹಿಡಿದು ಕೂಗಿದ್ಲು. ನಾ "ಇಲ್ಲೇ ಅದೀನ್ರಿ" ಅಂದೆ. ಅಕಿ ಮೈ ಝಲ್ ಅಂದಿದ್ದು ನನಗ ಕಂಡ್ತು. ಆಮ್ಯಾಲ "ಇಲ್ಲೇ ಇದ್ದು ಓ ಅನ್ನಾಕ ಏನ್ ಧಾಡಿ?" ಅಂತ ಜೋರು ಮಾಡಿ ಹೋದ್ಲು. ಅಕಿಗೆ ಧೂಳೂ ಕಾಣ್ತಿರಲಿಲ್ಲ, ನಾನೂ ಕಾಣ್ತಿರಲಿಲ್ಲ. ಗ್ವಾಡಿ ಹಿಡಕೊಂಡು ಅಡ್ಡಾಡಾಕ ಒಂದು ನೆವ ಬೇಕಾಗಿತ್ತು, ಅದಕ್ಕ ಧೂಳ.

ಇದನ್ನ ನಾ ನಮ್ಮ ಮನಿಯವ್ರ ಮುಂದಷ್ಟೇ ಹೇಳ್ದೆ. ಅವ್ರು ಲಾಳಿ ಕೆಳಗಿಟ್ರು. "ಅಣ್ಣಗ ಹೇಳಬ್ಯಾಡ" ಅಂದ್ರು. ಯಾಕಂದ್ರ ಭಾವನೋರ ಮಾತು ಆಗ್ಲೇ ಆಗಿಹೋಗಿತ್ತು. ಭಾವನೋರು ಗದ್ವಾಲದಾಗ ಒಬ್ಬ ಸೀರಿ ಸಾವಕಾರ್ರ ಅಂಗಡ್ಯಾಗ ಇದ್ರು, ಹೆಂಡ್ತಿ ಕಟ್ಟಿಕೊಂಡು ಅಲ್ಲೇ ಬಿಡಾರ. ಬ್ಯಾಸಗ್ಯಾಗ ಅವ್ರು ಬಂದಾಗ ಅತ್ತಿ ಅವ್ರ ಕಣ್ಣ ಮುಂದನ ಖಾಲಿ ಕುಣ್ಯಾಗ ಒಂದು ಕಾಲು ಹಾಕಿ ಬಿದ್ದಿದ್ಲು. ತೊಡಿ ನೀಲಿಗಟ್ಟಿ ಹೋಗಿತ್ತು. "ಹೊಗಿ ಸುತ್ತಿಕೊಂಡಿತ್ತು, ಎಡವಿದೆ" ಅಂದ್ಲು. ಭಾವನೋರು ಓಡಿ ಬಂದು ಎತ್ತಿ ಕುಂದ್ರಿಸಿದ್ರು. "ಅವ್ವಾ, ಇದು ಮನಿ ಅಲ್ಲ, ಕಾರ್ಖಾನಿ. ವಯಸ್ಸಾದೋರು ಇರೂ ಜಾಗ ಅಲ್ಲ. ಇನ್ನೊಮ್ಮೆ ಬಿದ್ದಿ ಅಂತ ನನ್ನ ಕಿವಿಗೆ ಬಿತ್ತಂದ್ರ, ಬಂಡಿ ತಂದು ಗದ್ವಾಲಕ್ಕ ಕರಕೊಂಡು ಹೋಗಾವನ" ಅಂದ್ರು. ಸಿಟ್ಟಿನಿಂದ ಅಂದ ಮಾತಲ್ಲ ಅದು, ಕಣ್ಣಾಗ ನೀರಿತ್ತು ಅವ್ರಿಗೆ. ಆದ್ರ ಅತ್ತಿಗೆ ಗದ್ವಾಲ ಅಂದ್ರ ಏನು? ಬಾಡಿಗಿ ಖೋಲಿ, ಒಂದು ಮೂಲಿ, ಒಂದು ಚಾಪಿ. ಮಗ್ಗ ಇಲ್ಲ, ಕೆಚ್ಚೂದಿಲ್ಲ, ಕೀಲಿ ಇಲ್ಲ. ಅವತ್ತಿನಿಂದ ಅಕಿ ಬೀಳಬಾರದು ಅನ್ನೂದೊಂದೇ ನಮ್ಮ ಮನ್ಯಾಗ ದೊಡ್ಡ ಕೆಲಸ ಆತು.

ಮಳಿ ಹಿಡೀತು. ಕೃಷ್ಣಾ ತುಂಬಿ ಹರದ್ರ ಹರಗೋಲು ಹಾಕಾವ್ರಿಲ್ಲ, ಭಾವನೋರು ಈ ದಂಡಿಗೆ ಬರೂಹಂಗಿಲ್ಲ. ಅಷ್ಟರಾಗ ಮನಿ ಸುಧಾರಿಸಬೇಕು ಅಂತ ನಾವಿಬ್ರೂ ಗುಸುಗುಸು ಮಾತಾಡಿಕೊಂಡ್ವಿ. ಅಡಚಣಿ ಏನಂದ್ರ, ಅತ್ತಿ ಸಲುವಾಗಿ ಅಂತ ಅತ್ತಿಗೆ ತಿಳೀಬಾರದು. ಕೋಲು ಹಿಡಕೋರಿ ಅಂತ ಓಣಿ ಮುದುಕಿ ಯಾರೋ ಅಂದಿದ್ಕ, "ಕೋಲು ನಾಯಿ ಹೊಡ್ಯಾಕ" ಅಂದು ಅತ್ತಿ ಆ ಮುದುಕಿ ಜೋಡಿ ಮಾತು ಬಿಟ್ಟಿದ್ಲು. ಹಂಗಾಗಿ ನಮ್ಮ ಮನಿ ರಿಪೇರಿ ಪೂರಾ ಸುಳ್ಳಿನ ಮ್ಯಾಲ ನಡೀತು. ಖಾಲಿ ಕುಣಿಗೆ ಹಲಗಿ ಮುಚ್ಚಿದ್ವಿ. ಯಾಕಂತ ಕೇಳಿದ್ರ, ಇಲಿ ಬಿದ್ದು ಸಾಯ್ತಾವು, ನಾರ್ತೈತಿ. ಹೊಸ್ತಿಲ ಕೆತ್ತಿಸಿ ತಗ್ಗಿಸಬೇಕಂತ ಬಡಿಗ್ಯಾರನ ಕರಸಿದ್ವಿ. ಗೆದ್ದಲ ಹತ್ತೈತಿ ಅಂತ ಸುಳ್ಳು. ಆದ್ರ ಹೊಸ್ತಿಲ ಅಂದ್ರ ಲಕ್ಷ್ಮಿ, ದಿನಾ ಅರಿಷಿಣ ಕುಂಕುಮ ಬೀಳೂ ಜಾಗ. "ಲಕ್ಷ್ಮಿಗೆ ಬಾಚಿ ಹಚ್ಚತೀಯೇನೋ ಮೂಳಾ?" ಅಂತ ಅತ್ತಿ ಕೂಗಿದ್ದಕ್ಕ ಅವ ಬಾಚಿ ಬಗಲಾಗ ಇಟಗೊಂಡು ಹಾದಿ ಹಿಡದ. ಕಡೀಗೆ ಹೊಸ್ತಿಲದ ಆಚೀಚಿಗೆ ಒಂದೊಂದು ಚಪ್ಪಟಿ ಕಲ್ಲು ಹಾಕಿ, ಮಳಿ ನೀರು ಒಳಗ ಬರಬಾರದಂತ ಅಂದ್ವಿ. ಅಕಿ ಕಾಲಿನಿಂದ ಮುಟ್ಟಿ ನೋಡಿ "ಹೂಂ" ಅಂದ್ಲು. ಆ ಹೂಂನಾಗ ಏನಿತ್ತೋ ಯಾರಿಗ್ಗೊತ್ತು.

ಎಲ್ಲಾಕ್ಕಿಂತ ಸಲೀಸಾಗಿದ್ದು ಹಗ್ಗ. ಅಕಿ ಮಲಗೂ ಜಾಗದಿಂದ ಬಚ್ಚಲ ಬಾಗಲ ತನಕ ಗ್ವಾಡಿಗೆ ಗೂಟ ಬಡದು ಬಿಗಿಯಾಗಿ ಹಗ್ಗ ಕಟ್ಟಿದ್ರು ನಮ್ಮ ಮನಿಯವ್ರು. "ಮಳಿಗಾಲ ಅವ್ವಾ, ಬಿಸಲಿಲ್ಲ, ನೂಲು ಒಳಗ ಒಣಹಾಕಾಕ" ಅಂದ್ರು. ಮಗ್ಗದ ಮನ್ಯಾಗ ನೂಲು ಒಣಹಾಕೂ ಹಗ್ಗಕ್ಕ ಯಾರು ಅಡ್ಡ ಮಾತಾಡ್ತಾರ? ಅತ್ತಿ ಒಂದೆರಡು ದಿನ ಅದರ ಕಡೆ ಕೈ ಚಾಚಲಿಲ್ಲ. ಆಮ್ಯಾಲ ಸೀರಿ ಸೆರಗು ಸರಿ ಮಾಡಿಕೊಳ್ಳೂ ನೆವದಾಗ ಮುಟ್ಟಿದ್ಲು. ಆಮ್ಯಾಲ ಹಿಡದ್ಲು. ವಾರ ತುಂಬೂದ್ರಾಗ ಹಗ್ಗಗುಂಟ ಸರಸರ ಬಚ್ಚಲಕ್ಕ ಹೋಗಿ ಬರಾಕ ಹತ್ತಿದ್ಲು, ನನಗ ಗ್ವಾಡಿ ಒರಸೂ ಕೆಲಸ ತಪ್ಪಿತು. ಹಗ್ಗ ಬರೇ ಖಾಲಿ ಇದ್ರ ಅಕಿಗೆ ಸಂಶಯ ಬರ್ತೈತಿ ಅಂತ ನಾ ಆ ತುದಿಗೆ ನೂಲಿನ ಒಂದು ಒಣ ಲಡಿ ತೂಗಬಿಟ್ಟಿದ್ದೆ. ಶ್ಯಾಣ್ಯಾಕಿ ಅಂತ ನನ್ನ ಬೆನ್ನು ನಾನ ಚಪ್ಪರಿಸಿಕೊಂಡಿದ್ದೆ.

ಮಳಿ ಹೋತು, ಹೊಳಿ ಇಳೀತು, ದೀವಳಗಿ ಬಂತು. ಮನಿಗೆಲ್ಲಾ ಹೊಸಾ ಸುಣ್ಣ ಬಳದ್ವಿ. ನೀರು ತುಂಬೂ ಹಬ್ಬದ ಸಂಜಿ ಭಾವನೋರು, ನಮ್ಮ ನೆಗೆಣ್ಣಿ ಅಕ್ಕ, ಇಬ್ರೂ ಹರಗೋಲು ದಾಟಿ, ಮಕ್ತಲದ ಮ್ಯಾಲೆ ಬಂಡಿ ಮಾಡಿಕೊಂಡು ಬಂದು ಇಳದ್ರು. ಅತ್ತಿ ಹಗ್ಗದ ಬಾಜೂಕ ನೆಟ್ಟಗ ನಿಂತು ಬರ್ರಿ ಬರ್ರಿ ಅಂತ ಕರದ್ಲು, ಭಾವನೋರಿಗೆ ಸಂಶಯ ಬರಲಿಲ್ಲ. "ಈಗ ಚಲೋ ಆಗ್ಯಾಳ ಅವ್ವ" ಅಂದ್ರು. ನಾವಿಬ್ರೂ ಮಾರಿ ಮಾರಿ ನೋಡಿಕೊಂಡ್ವಿ.

ಅಕ್ಕನ ತವರು ವಡ್ಡೆಪಲ್ಲಿ, ತೆಲುಗು ಮಾತಿನ ಸೀಮಿ. ಹೊಲಾ ಮನಿ ಮಂದಿ, ಕೈ ಖಾಲಿ ಬಿಟ್ಟು ಕುಂತ ಹೆಣ್ಣಲ್ಲ. ಬೆಳಗಾದ್ರ ಎಣ್ಣಿ ನೀರು ಹಾಕ್ಕೊಳ್ಳೂದು, ಅದಕ್ಕ ಕೋಳಿ ಕೂಗೂದ್ರಾಗ ಎದ್ದಾಳ. ಹಿತ್ತಲದಾಗ ಕಲ್ಲಿನ ಬಾನಿಗೆ ನೀರು ತುಂಬಬೇಕು. ನೋಡಿದ್ರ ಬಾನ್ಯಾಗ ಕೆಂಪು ಬಣ್ಣದಾಗ ಅದ್ದಿದ ನೂಲಿನ ಲಡಿ. ಹಬ್ಬದ ಗಿರಾಕಿ ಅಂತ ನಮ್ಮ ಮನಿಯವ್ರು ಹಿಂದಿನ ದಿನ ಬಣ್ಣ ಹಾಕಿ ಇಟ್ಟಿದ್ದು, ಇನ್ನಾ ತೊಳದಿರ್ಲಿಲ್ಲ. ಬಾನಿ ಬಿಡುವಾಗಬೇಕು. ಒಳಗ ಬಂದು ನೋಡ್ತಾಳ, ನೂಲು ಒಣಹಾಕೂ ಹಗ್ಗ ತುದಿಗಿನ ಒಂದು ಲಡಿ ಬಿಟ್ರ ಪೂರಾ ಖಾಲಿ ಐತಿ. ಅಕಿ ಜಾಗದಾಗ ನೀವಿದ್ರೂ ಅದನ್ನ ಮಾಡ್ತಿದ್ರಿ. ಅಷ್ಟೂ ಲಡಿ ತಂದು ಹಗ್ಗದ ಉದ್ದಕ್ಕೂ ಸಾಲಾಗಿ ಹಾಕಿ, ಬಾನಿ ತಿಕ್ಕಾಕ ಹೋದ್ಲು. ಭಾವನೋರಿಗೆ ತಿಳೀಬಾರದು ಅಂತ ನಾವು ಅಕಿಗೂ ಹೇಳಿರ್ಲಿಲ್ಲ ನೋಡ್ರಿ.

ನಾ ಬಚ್ಚಲ ಒಲಿಗೆ ಉರಿ ಹಚ್ಚಾಕ ಹತ್ತಿದ್ದೆ. ಬೆಳಕು ಹರಿಯೂ ಹೊತ್ತು. ಪಡಸಾಲಿ ಕಡೆಯಿಂದ ಅಕ್ಕನ ಚೀರಾಟ ಕೇಳ್ತು. "ನೆತ್ತುರು! ಅಯ್ಯೋ ನೆತ್ತುರಮ್ಮಾ!" ತೆಲುಗು, ಕನ್ನಡ ಎಲ್ಲಾ ಕಲಸಿ ಚೀರಿದ್ಲು. ಓಡಿ ಬಂದೆ. ಭಾವನೋರು ಹಾಸಗಿ ಮ್ಯಾಲ ಎದ್ದು ಕುಂತಿದ್ರು. ಹೊಸಾ ಸುಣ್ಣದ ಬೆಳ್ಳನ ಗ್ವಾಡಿ ತುಂಬ ಕೆಂಪು ಕೈ ಗುರ್ತು. ಅತ್ತಿ ಎದ್ದು ಹಗ್ಗಕ್ಕ ಕೈ ಚಾಚ್ಯಾಳ, ಹಸಿ ಲಡಿ ಸಿಕ್ಕಾವು. ಇನ್ನೊಂದೀಟು ಮುಂದ ಚಾಚ್ಯಾಳ, ಅಲ್ಲೂ ಲಡಿ. ಹಗ್ಗ ಎಲ್ಲೈತಿ ಅಂತ ತಿಳೀದ ಗ್ವಾಡಿ ಹಿಡದಾಳ. ಬಚ್ಚಲ ಕಡೆ ಹೋಗಬೇಕಾಗಿದ್ದ ಕೈ ದೇವರ ಮಾಡದ ಕಡೆ ಹೋಗ್ಯಾವು, ಅಲ್ಲಿಂದ ತಲಬಾಗಲ, ಅಲ್ಲಿಂದ ಜ್ವಾಳದ ಗುಮ್ಮಿ, ತಿರುಗಿ ದೇವರ ಮಾಡ. ಒಂದರ ಮ್ಯಾಲ ಒಂದು, ಮ್ಯಾಲ ಕೆಳಗ. ಹುಟ್ಟಿದ ಮಕ್ಕಳನ್ನ ಎತ್ತಿ ಆಡಿಸಿದ ಸ್ವಂತ ಮನ್ಯಾಗ ಅಕಿ ದಿಕ್ಕು ತಪ್ಪಿ ತಿರಗ್ಯಾಳ, ಅದೂ ಬಾಯಿ ಬಿಡದ, ಯಾರನ್ನೂ ಕರೀದ.

ಆ ಕೈ ಹೋಗಿ ನಿಂತಿದ್ದು ಮಗ್ಗದ ಹತ್ರ. ಅತ್ತಿ ನೇಯೂ ಕುಣಿ ದಂಡಿಗೆ ಕುಂತಿದ್ಲು, ಕಾಲು ಒಳಗ. ಬಿದ್ಲೋ, ತಾನ ಇಳದ್ಲೋ, ನಮಗ ಇವತ್ತಿಗೂ ಗೊತ್ತಿಲ್ಲ. ಮುಂದ ಮಗ್ಗದ ಮ್ಯಾಲ ಅರ್ಧ ನೇಯ್ದ ಹಾಲುಬಣ್ಣದ ಸೀರಿ. ಅಕಿ ಎರಡೂ ಕೈ ಮ್ಯಾಲ ಎತ್ತಿ ಹಿಡಕೊಂಡಿದ್ಲು. ಎಷ್ಟು ಹೊತ್ತಿನಿಂದ ಹಂಗ ಕುಂತಿದ್ಲೋ, ತೋಳು ಗಡಗಡ ನಡಗಾಕ ಹತ್ತಿದ್ವು. ಕೆಳಗ ಬಿಟ್ಟಿರ್ಲಿಲ್ಲ. "ಯಾರರೆ ಮೊದಲ ನನ್ನ ಕೈ ಒರಸ್ರಿ. ಸೀರಿಗೆ ಹತ್ತೀತು" ಅಂದ್ಲು.

ನಾನ ಒರಸಿದೆ. ನನ್ನ ಸೆರಗು ಕೆಂಪಾತು. ಅಳು ತಡಕೊಳ್ಳಾಕ ಆಗಲಿಲ್ಲ ನನಗ. ಭಾವನೋರು ಬಂದು ಕುಣಿ ದಂಡಿಗೆ ಕುಂತ್ರು. ತಮ್ಮ ಕೈ ಬೆರಳು ಅಕಿ ಮಕದ ಮುಂದ ಹಿಡಿದು, "ಅವ್ವಾ, ಇವು ಎಷ್ಟು?" ಅಂದ್ರು.

"ಹಬ್ಬದ ದಿನ ಹುಡುಗಾಟ ಹಚ್ಚೀಯೇನೋ?" ಅಂದ್ಲು ಅತ್ತಿ. ಆಮ್ಯಾಲ ದನಿ ಇಳೀತು. "ಕಾಣೂದಿಲ್ಲೋ ಯಪ್ಪಾ. ಬೆಳಕು ಐತೋ ಇಲ್ಲೋ ಅಷ್ಟು ಗೊತ್ತಾಗ್ತೈತಿ."

"ಯಾಕ ಹೇಳ್ಲಿಲ್ಲ?"

"ಹೇಳಿದ್ರ ಬಂಡಿ ಕಟ್ಟಸ್ತಿದ್ದಿ."

ಭಾವನೋರು ರಾಯಚೂರ ದವಾಖಾನಿ ಮಾತು ತಗದ್ರು, ಅಲ್ಲಿ ಕಣ್ಣಿನ ಪೊರಿ ತಗೀತಾರಂತ ಅಂದ್ರು. "ಕೊಯ್ಸಿಕೊಳ್ಳಾಕ ನಾನೇನು ಬದನಿಕಾಯೇನು?" ಅಂದ್ಲು. ಹಂಗಾದ್ರ ಗದ್ವಾಲಕ್ಕ ನಡಿ ಅಂದ್ರು. ಅದಕ್ಕ ಅಕಿ ಸಿಟ್ಟು ಮಾಡಲಿಲ್ಲ, ಮಗನ ಮೊಣಕಾಲ ಮ್ಯಾಲ ಕೈ ಇಟ್ಲು. "ಇಲ್ಲಿ ಒಂದೊಂದು ಗ್ವಾಡಿ ನನ್ನ ಕೈಗೆ ಗೊತ್ತೈತಿ. ಗದ್ವಾಲದಾಗ ಯಾವ ಗ್ವಾಡಿ ಗೊತ್ತೈತಿ ಹೇಳು? ಅಲ್ಲಿ ನಾ ನಿಜವಾಗಿ ಕುರುಡಿ ಆಗ್ತೀನಿ" ಅಂದ್ಲು. ಅಕ್ಕ ಒಬ್ಬಾಕಿ ಮೂಲ್ಯಾಗ ನಿಂತು, ನನಗ ಗೊತ್ತಿರ್ಲಿಲ್ಲ, ನನಗ ಯಾರೂ ಹೇಳಿರ್ಲಿಲ್ಲ ಅಂತ ಅಳಾಕ ಹತ್ತಿದ್ಲು. ಖರೇನ ಐತಿ, ಯಾರೂ ಹೇಳಿರ್ಲಿಲ್ಲ.

ಭಾವನೋರು ಹಬ್ಬ ಮುಗಿಸಿ ಹೋಗಬೇಕಾದೋರು ಉಳದ್ರು. ಅಣ್ಣ ತಮ್ಮ ಇಬ್ರೂ ಕೂಡಿ ಮನಿ ಸುಧಾರಿಸಿದ್ರು, ಈ ಸಲ ಸುಳ್ಳಿಲ್ಲದ. ನಮ್ಮ ಮನಿಯವ್ರು ಕಟ್ಟಿದ ಹಗ್ಗ ಅವ್ರ ಎತ್ತರಕ್ಕ ಇತ್ತಂತ, ಸಣ್ಣ ಆಳು ನಮ್ಮತ್ತಿಗೆ ಭುಜ ಎತ್ತಿ ಹಿಡೀಬೇಕಾಗ್ತಿತ್ತಂತ. ಯಾರು ಕೇಳಿದ್ರು ಅಕಿನ್ನ? ಭಾವನೋರು ಗ್ವಾಡಿಗೆ ಮತ್ತ ಸುಣ್ಣ ಬಳೀಗೊಡಲಿಲ್ಲ. ಆ ಕೆಂಪು ಕೈ ಎಲ್ಲೆಲ್ಲಿ ಬಿದ್ದಿದ್ವೋ ಅಲ್ಲೇ ಗೂಟ ಬಡದು, ಬಚ್ಚಲಕ್ಕ, ದೇವರ ಮಾಡಕ್ಕ, ತಲಬಾಗಲಕ್ಕ ಹಗ್ಗ ಬಿಗದ್ರು. ಫರ್ಸಿ ಕಲ್ಲಿಗೆ ಉಳಿ ಹಿಡಿದು ಟಾಕಿ ಹೊಡಸಿ ಒರಟು ಮಾಡಿಸಿದ್ರು. ಹೊಸ್ತಿಲಕ್ಕ ಅತ್ತಿ ತಾನ ಕಾಯಿ ಒಡದು, ತಪ್ಪಾತು ತಾಯಿ ಅಂತ ಕೈ ಮುಗಿದು, ಬಡಿಗ್ಯಾರಗ ಕೆತ್ತು ಅಂದ್ಲು. ಅವ ಹೆದರಿಕೋತ ಕೆತ್ತಿದ. ಓಣಿ ಮಂದಿ ನೋಡಾಕ ಬಂದು, ಇಷ್ಟು ಗೂಟ ಯಾಕ, ಎಮ್ಮಿ ಕಟ್ಟತೀರೇನು ಅಂತ ಚ್ಯಾಷ್ಟಿ ಮಾಡಿದ್ರು. ಅತ್ತಿ "ಹೂಂ, ಮುದಿ ಎಮ್ಮಿ ಒಂದೈತಿ" ಅಂದು ತಾನೂ ನಕ್ಕಳು. ಅಷ್ಟು ಹಗುರಾಗಿ ಅಕಿ ನಕ್ಕಿದ್ದು ನಾ ಅದೇ ಮೊದಲು ನೋಡಿದ್ದು.

ಎಲ್ಲಾ ಆದ ಮ್ಯಾಲ ಅಕಿ ಒಂದು ಕೇಳಿದ್ಲು. "ನೇಯೂ ಕುಣಿ ಬಾಜೂಕ ಒಂದು ಗಟ್ಟಿ ಗೂಟ ನಿಲ್ಲಿಸ್ರಿ. ಅದನ್ನ ಹಿಡಕೊಂಡು ಇಳೀತೀನಿ, ಹಿಡಕೊಂಡು ಏಳ್ತೀನಿ. ಕೆಚ್ಚಾಕ ನನಗ ಕಣ್ಣು ಬೇಕಾಗಿಲ್ಲ. ಇಷ್ಟು ದಿನ ಏನು ನೋಡಿಕೊಂಡು ಕೆಚ್ಚೀನಂತ ತಿಳದೀರೇನು?"

ಭಾವನೋರು ಅಕಿ ಎರಡೂ ಕೈ ಹಿಡಕೊಂಡ್ರು. "ಸಾಕು ಬಿಡವ್ವಾ. ದುಡದಿದ್ದು ಸಾಕು. ಇನ್ನ ಆರಾಮ ಕುಂದ್ರು" ಅಂದ್ರು. ನಮ್ಮ ಮನಿಯವ್ರೂ ಹೌದೌದು ಅಂದ್ರು. ಅಕ್ಕನೂ ಹೌದಂದ್ಲು. ಪ್ರೀತಿಯಿಂದನ ಅಂದಿದ್ದು ಎಲ್ಲಾರೂ, ಅದರಾಗ ಎಳ್ಳಷ್ಟೂ ಖೋಟಾ ಇರ್ಲಿಲ್ಲ. ಅತ್ತಿ ಇನ್ನೊಮ್ಮೆ ಕೇಳಲಿಲ್ಲ. ಆ ಗೂಟ ಒಂದು ಬಡೀಲಿಲ್ಲ.

ಅಕಿ ಗದ್ವಾಲಕ್ಕ ಹೋಗಲಿಲ್ಲ, ಅಕಿ ಮನ್ಯಾಗ ಅಕಿ ಉಳದ್ಲು. ಆಮ್ಯಾಲ ಒಂದು ದಿನಾನೂ ಬೀಳಲಿಲ್ಲ, ಅದನ್ನೂ ಹೇಳಬೇಕು. ಹಗ್ಗ ಹಿಡಕೊಂಡು ಎಲ್ಲಿ ಬೇಕಲ್ಲಿ ಹೋಗ್ತಿದ್ಲು. ಆದ್ರ ಹೋಗಿ ಏನು ಮಾಡಬೇಕು? ಹಾಸು ಮುಗದ್ರ ಕೆಚ್ಚಾಕ ಓಣ್ಯಾಗಿಂದ ಒಬ್ಬಾಕಿ ಬರ್ತಿದ್ಲು. ಅವತ್ತು ಅತ್ತಿನ್ನ ಮಂಚದ ಮ್ಯಾಲ ಕುಂದ್ರಿಸಿ ಹಾಲು ಕೊಡೂದು ನನ್ನ ಪಾಲಿಗೆ. ಮಗ್ಗದ ಕಡೆ ಕಿವಿ ಕೊಟ್ಟು ಕುಂತಿರ್ತಿದ್ಲು. ಹೆಬ್ಬೆರಳು ತೋರಬೆರಳು ಕೂಡಿಸಿ ತೊಡಿ ಮ್ಯಾಲ ತಿರುವ್ತಿದ್ಲು, ಎಳಿ ಇಲ್ಲ, ಬೂದಿ ಇಲ್ಲ, ಬರೇ ಬೆರಳು. ನಮ್ಮ ಮನಿಯವ್ರಿಗೆ ಹೇಳ್ದೆ, ಒಂದು ಗೂಟ ಬಡದ್ರ ಏನು ಗಂಟು ಹೋಗ್ತೈತ್ರಿ ಅಂದೆ. "ಅಣ್ಣ ಬ್ಯಾಡ ಅಂದಾನ. ಬಿದ್ರ ಅವಗ ಏನಂತ ಹೇಳ್ಲಿ?" ಅಂದ್ರು. ಸಣ್ಣ ಸೊಸಿ ಮಾತು ಅಲ್ಲಿಗೆ ಮುಗೀತು. ಬರಬರತ ಅಕಿ ಉಗ್ರಾಣದ ಕೀಲಿ ನನ್ನ ಕೈಗೆ ಹಾಕಿದ್ಲು. ಬೈಯೂದೂ ಬಿಟ್ಲು. ಮನಿ ಎಷ್ಟು ಸಪ್ಪಗಾತು ಅಂದ್ರ, ಒಂದಿನ ನಾನ ಬೇಕಂತ ಸಾರಿಗೆ ಉಪ್ಪು ಹೆಚ್ಚು ಹಾಕಿ ಬಡಿಸಿದೆ, ಬೈತಾಳೇನು ನೋಡೋಣು ಅಂತ. ಸುಮ್ನ ಉಂಡು ಕೈ ತೊಳಕೊಂಡ್ಲು. ನಿಜಾಮರ ಆಳಿಕಿ ಮುಗಿಯೂದಕ್ಕ ಮೊದಲ ಒಂದು ಮಧ್ಯಾಹ್ನ ಅದೇ ಮಂಚದ ಮ್ಯಾಲ ಹೋದ್ಲು. ಮಕ್ಕಳು ಇವತ್ತಿಗೂ ಎದಿ ತಟ್ಟಿಕೊಂಡು ಹೇಳ್ತಾವು, ನಮ್ಮ ಅಜ್ಜಿನ್ನ ಕೈಯಾಗಿಟ್ಟು ಸಾಕಿದ್ರಂತ. ಸಾಕಿದ್ವಿ, ಸುಳ್ಳಲ್ಲ.

ಇದೆಲ್ಲಾ ಕುರ್ಚಿ ಮ್ಯಾಲ ಕುಂತು ನೆನಸಾಕ ಹತ್ತಿದ್ದೆ, ಸುಜಾತ ಕೈ ಒರಸಿಕೋತ ಹೊರಗ ಬಂದ್ಲು. "ಬಚ್ಚಲದ್ದು ಸಂಜಿ ತನಕ ಮುಗೀತೈತಂತ್ರಿ ಅತ್ತೀ. ಇನ್ನ ಅಡಿಗಿ ಮನ್ಯಾಗಂತೂ ನೀವು ಬರಬ್ಯಾಡ್ರಿ. ಕಟ್ಟಿ ಎತ್ತರ ಐತಿ, ನಿಂತು ನಿಂತು ನಿಮಗ ಕಾಲು ಸೋಲ್ತಾವು. ನಾಳಿಂದ ರೊಟ್ಟಿ ನಾನ ಬಡೀತೀನಿ. ನೀವು ಆರಾಮ ಕುಂದ್ರಿ" ಅಂದ್ಲು.

ಎಷ್ಟು ಮೆತ್ತಗ ಅಂದ್ಲು ಗೊತ್ತೇನ್ರಿ! ಬೈದಿದ್ರ ತಿರುಗಿ ಬೈತಿದ್ದೆ. ಯಾವಾಗ್ಲೂ ಆಗಿದ್ರ ಮಕಾ ಊದಿಸಿ ಆಗ್ಲಿ ತಾಯಿ ಅಂತಿದ್ದೆ. ಇವತ್ತು ಬಾಯಿಗೆ ಬ್ಯಾರೇನ ಬಂತು.

"ನಾ ಮೊನ್ನಿ ಅಡಿಗಿ ಮನ್ಯಾಗ ಬಿದ್ದಿದ್ದೆ" ಅಂದೆ.

ಅಕಿ ಹತ್ರ ಬಂದ್ಲು. "ಯಾವಾಗ್ರಿ? ನಮಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಕುಂದ್ರಸ್ತೀರಿ ಅಂತ."

ಸುಜಾತ ನನ್ನ ಕಾಲ ಹತ್ರ ನೆಲದ ಮ್ಯಾಲ ಕುಂತುಬಿಟ್ಲು. ನಾ ಹೇಳಿದೆ: "ಕಂಬಿ ಹಾಕಸ್ರಿ, ಬ್ಯಾಡ ಅನ್ನೂದಿಲ್ಲ. ಬಂದೋರಿಗಲ್ಲ, ನನಗ ಬೇಕು. ಎಡಗಾಲು ಹಿಡೀತೈತಿ, ಮುಂಜಾನಿ ಏಳಾಕ ಆಗವಲ್ದು. ಆದ್ರ ರೊಟ್ಟಿ ಕಸಗೋಬ್ಯಾಡವ್ವಾ. ನಿಂತು ಬಡ್ಯಾಕ ಆಗೂದಿಲ್ಲ, ಕುಂತು ಬಡಿಯಾಕ ಆಗ್ತೈತಿ. ಒಲಿ ಕೆಳಗ ಇಳಸಿ, ನನಗೊಂದು ತಗ್ಗು ಕಟ್ಟಿ ಮಾಡಿಸಿ ಕೊಡ್ರಿ. ನನ್ನ ಕೈಯಾಗ ಇನ್ನಾ ಕಸುವು ಐತಿ." ಕಡೀ ಮಾತಿಗೆ ನನ್ನ ದನಿ ಒಡೀತು. ಒಡೀಲಿ ಅಂತ ಬಿಟ್ಟೆ.

ಅಕಿ ಎದ್ದು, ಮೂಗು ಸೆರಗಿನಿಂದ ಒರಸಿಕೊಂಡು, ಬಚ್ಚಲ ಬಾಗಲಕ್ಕ ಹೋಗಿ ಗೌಂಡಿನ್ನ ಕರದ್ಲು. ಅಡಿಗಿ ಮನ್ಯಾಗ ಇನ್ನೊಂದು ಕಟ್ಟಿ ಕಟ್ಟಬೇಕು, ಕುಂತು ರೊಟ್ಟಿ ಬಡಿಯೂ ಹಂಗ ಅಂದ್ಲು. ಅವ ಕೈಯಾಗಿನ ಕರಣಿ ಝಾಡಿಸಿ, "ಎಂತ ಎತ್ತುಂಡಾಲಮ್ಮಾ?" ಅಂದ, ಎಷ್ಟು ಎತ್ತರ ಇರಬೇಕು ಅಂತ.

"ನನಗೇನ್ ಗೊತ್ತು?" ಅಂದ್ಲು ಸುಜಾತ. "ರೊಟ್ಟಿ ಬಡಿಯೋರು ನಮ್ಮತ್ತಿ. ಅವ್ರನ್ನ ಕೇಳು."